ಜೇಬಿನಲ್ಲಿ ಚಿಲ್ಲರೆ ಇರಲಿ: ವಿದೇಶದ ಐಷಾರಾಮಿ ಹೋಟೆಲಿನಲ್ಲಿ ಟಿಪ್ಸ್ ಮತ್ತು ನಡವಳಿಕೆ

ನಾನು ಮೊದಲ ಸಲ ವಿದೇಶದ ದೊಡ್ಡ ಹೋಟೆಲಿನಲ್ಲಿ ಉಳಿದದ್ದು ನ್ಯೂಯಾರ್ಕಿನಲ್ಲಿ. ಬೆಲ್‌ಮನ್ ನನ್ನ ಎರಡು ಸೂಟ್‌ಕೇಸ್‌ಗಳನ್ನು ಹಿತ್ತಾಳೆ ಗಾಡಿಯಲ್ಲಿ ತಳ್ಳಿಕೊಂಡು ರೂಮಿಗೆ ತಂದರು. ಒಂದೊಂದನ್ನೇ ಎತ್ತಿ ಸ್ಟ್ಯಾಂಡಿನ ಮೇಲಿಟ್ಟರು. ಪರದೆ ಸರಿಸುವ ಸ್ವಿಚ್ ತೋರಿಸಿದರು. ಏಸಿ ಹೇಗೆ ಹಾಕಬೇಕು, ಐಸ್ ಎಲ್ಲಿ ಸಿಗುತ್ತದೆ, ಎಲ್ಲ ಹೇಳಿದರು. ಆಮೇಲೆ "ಇನ್ನೇನಾದರೂ ಬೇಕಾ?" ಅಂತ ಕೇಳಿ ಒಂದು ಕ್ಷಣ ನಿಂತರು.

ನನ್ನ ಹತ್ತಿರ ಇದ್ದದ್ದು ಬರೀ ನೂರು ಡಾಲರಿನ ನೋಟುಗಳು. ಥ್ಯಾಂಕ್ಯೂ ಅಂದೆ. ಅವರು ನಕ್ಕರು. ಮತ್ತೆ ಥ್ಯಾಂಕ್ಯೂ ಅಂದೆ. ಮೂರನೇ ಸಲ ಅನ್ನುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು. ಅವರು ಮರ್ಯಾದೆಯಿಂದಲೇ ಬಾಗಿಲು ಎಳೆದುಕೊಂಡು ಹೋದರು.

ಕೆಲವು ವರ್ಷಗಳ ನಂತರ ಟೋಕಿಯೋದಲ್ಲಿ, ಈ ಸಲ ಬುದ್ಧಿವಂತ ಆಗಿದ್ದೇನೆ ಅಂದುಕೊಂಡು, ಬ್ಯಾಗ್ ತಂದ ಹೆಣ್ಣುಮಗಳ ಕೈಗೆ ಸಾವಿರ ಯೆನ್ ನೋಟು ಕೊಡಲು ಹೋದೆ. ಅವರು ಅರ್ಧ ಹೆಜ್ಜೆ ಹಿಂದೆ ಸರಿದು, ಬಗ್ಗಿ ನಮಸ್ಕರಿಸಿ, ನೋಟನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು. ಒಂದು ಕಡೆ ಕೊಡದೆ ಪೇಚಿಗೆ ಸಿಕ್ಕಿದ್ದೆ, ಇನ್ನೊಂದು ಕಡೆ ಕೊಟ್ಟು ಪೇಚಿಗೆ ಸಿಕ್ಕಿದೆ.

ಎರಡು ಸಲವೂ ನಾನು ಮಾಡಿದ ತಪ್ಪು ಒಂದೇ. ಟಿಪ್ಸ್ ಅಂದರೆ ನನ್ನ ದೊಡ್ಡಸ್ತಿಕೆಯ ವಿಷಯ ಅಂತ ತಿಳಿದಿದ್ದೆ. ಅದು ಆ ದೇಶದಲ್ಲಿ ಕೆಲಸದವರಿಗೆ ಸಂಬಳ ಎಲ್ಲಿಂದ ಬರುತ್ತದೆ ಅನ್ನುವ ವಿಷಯ. ಈ ಒಂದು ಲೆಕ್ಕ ಗೊತ್ತಾದರೆ ಮುಕ್ಕಾಲು ಗಾಬರಿ ಅಲ್ಲೇ ಇಳಿಯುತ್ತದೆ.

1. ಹೊರಡುವ ಮುಂಚೆ: ದೇಶ ಯಾವುದು ನೋಡಿ

ಅಮೆರಿಕದಿಂದ ಶುರು ಮಾಡೋಣ, ಯಾಕೆಂದರೆ ಎಲ್ಲರೂ ಜಾಸ್ತಿ ಹೆದರುವುದು ಅಲ್ಲೇ. ಅಲ್ಲಿಯ ಫೆಡರಲ್ ಕಾನೂನಿನಲ್ಲಿ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕರು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. ಈ ಅಂಕಿ 1991ರಿಂದ ಬದಲಾಗಿಲ್ಲ. ಟಿಪ್ಸ್ ಸೇರಿಸಿಯೂ ಸಾಮಾನ್ಯ ಕನಿಷ್ಠ ವೇತನವಾದ 7.25 ಡಾಲರ್ ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕರು ತುಂಬಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಈ ಕಡಿಮೆ ದರ ನಡೆಯುವುದಿಲ್ಲ, ಪೂರ್ತಿ ಕನಿಷ್ಠ ವೇತನ ಕೊಡಲೇಬೇಕು. ಆದರೆ ಅಭ್ಯಾಸ ಮಾತ್ರ ದೇಶದ ತುಂಬ ಒಂದೇ. ಅಲ್ಲಿ ಟಿಪ್ಸ್ ಅನ್ನುವುದು ಸಂಬಳದ ಒಂದು ಭಾಗ. ಸರ್ವೀಸ್ ಇಷ್ಟವಾದರೆ ಕೊಡೋಣ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಫ್ರಾನ್ಸಿನಲ್ಲಿ ಕಥೆ ತಲೆಕೆಳಗು. 1987ರಿಂದ ಅಲ್ಲಿಯ ಹೋಟೆಲು, ರೆಸ್ಟೋರೆಂಟುಗಳು ತೋರಿಸುವ ಬೆಲೆಯಲ್ಲೇ ಸರ್ವೀಸ್ ಸೇರಿರಬೇಕು ಅಂತ ನಿಯಮ. ಬಿಲ್ಲಿನಲ್ಲಿ 'ಸರ್ವಿಸ್ ಕಾಂಪ್ರಿ' ಅಂತ ಕಂಡರೆ ಅದೇ. ಚೆನ್ನಾಗಿತ್ತು ಅನಿಸಿದರೆ ಮೇಲೆ ಒಂದೆರಡು ಯೂರೋ, ದೊಡ್ಡ ಊಟವಾದರೆ ಐದು ಹತ್ತು. ಬಿಟ್ಟರೆ ಯಾರೂ ಮುಖ ಸಿಂಡರಿಸುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲೂ 1974ರಿಂದ ಸರ್ವೀಸ್ ಬೆಲೆಯೊಳಗೇ ಇದೆ.

ಬ್ರಿಟನ್ನಿನಲ್ಲಿ ಊಟದ ಬಿಲ್ಲಿಗೆ ಸಾಮಾನ್ಯವಾಗಿ 12.5% ಸೇರಿಸಿರುತ್ತಾರೆ. ಪಕ್ಕದಲ್ಲಿ 'ಡಿಸ್ಕ್ರಿಷನರಿ' ಅಂತ ಬರೆದಿರುತ್ತದೆ. ಹಾಗಂದರೆ ನಿಮ್ಮಿಷ್ಟ, ಬೇಡ ಅಂದರೆ ತೆಗೆಯುತ್ತಾರೆ. ಆ ದುಡ್ಡು ಮಾಲೀಕರ ಜೇಬಿಗೇ ಹೋಗುತ್ತದೇನೋ ಅನ್ನುವ ಅನುಮಾನ ಬೇಡ. 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಟಿಪ್ಸ್, ಸರ್ವೀಸ್ ಚಾರ್ಜ್ ಪೂರ್ತಿ ಕೆಲಸದವರಿಗೇ ಹೋಗಬೇಕು ಅಂತ ಕಾನೂನು ಬಂದಿದೆ.

ಜಪಾನ್, ದಕ್ಷಿಣ ಕೊರಿಯಾದಲ್ಲಿ ಟಿಪ್ಸ್ ಬೇಡವೇ ಬೇಡ. ಜಪಾನಿನ ದೊಡ್ಡ ಹೋಟೆಲುಗಳು 10ರಿಂದ 15% ಸರ್ವೀಸ್ ಚಾರ್ಜ್ ಬಿಲ್ಲಿನಲ್ಲೇ ಹಾಕಿಕೊಂಡಿರುತ್ತವೆ. ಆಸ್ಟ್ರೇಲಿಯಾದಲ್ಲಿ ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಯಾರೂ ಕಾಯುವುದಿಲ್ಲ. ಥಾಯ್ಲೆಂಡ್, ದುಬೈ, ಮಾಲ್ಡೀವ್ಸ್ ಕಡೆ 10% ಸರ್ವೀಸ್ ಚಾರ್ಜ್ ಬಿಲ್ಲಿನಲ್ಲಿ ಬಂದಿರುತ್ತದೆ. ಆದರೂ ಬ್ಯಾಗ್ ಹೊತ್ತವರಿಗೆ, ರೂಮ್ ಕ್ಲೀನ್ ಮಾಡಿದವರಿಗೆ ಸಣ್ಣ ನೋಟು ಕೊಡುವುದು ರೂಢಿ. ಈಜಿಪ್ಟಿನಲ್ಲಿ 'ಬಕ್ಷೀಶ್' ಅಂತ ಮಾತೇ ಇದೆ. ನಮ್ಮ ಭಕ್ಷೀಸಿನ ಅಣ್ಣನೋ ತಮ್ಮನೋ ಇರಬೇಕು, ಬೇರು ಮಾತ್ರ ಪಾರ್ಸಿಯದು. ಅಲ್ಲಿ ಸಣ್ಣ ನೋಟಿನ ಕಟ್ಟು ಇಲ್ಲದೆ ಹೊರಗೆ ಕಾಲಿಡಬೇಡಿ.

ಅಂದ ಹಾಗೆ, 'ಟಿಪ್' ಅನ್ನುವುದು 'ಟು ಇನ್ಶೂರ್ ಪ್ರಾಂಪ್ಟ್‌ನೆಸ್' ಅನ್ನುವುದರ ಮೊದಲಕ್ಷರಗಳು ಅಂತ ಯಾರಾದರೂ ಊಟದ ಟೇಬಲ್ಲಿನಲ್ಲಿ ಹೇಳಿಯೇ ಹೇಳುತ್ತಾರೆ. ಅದು ಕಟ್ಟುಕಥೆ. ಹಿಂದೆ ಇಂಗ್ಲೆಂಡಿನ ಕಳ್ಳರ ಗುಪ್ತಭಾಷೆಯಲ್ಲಿ 'ದಾಟಿಸು, ಕೊಡು' ಅನ್ನುವ ಅರ್ಥದಲ್ಲಿ ಓಡಾಡುತ್ತಿದ್ದ ಪದ ಅದು.

2. ಬುಕ್ ಮಾಡುವಾಗ: ಬೆಲೆಯ ಪಕ್ಕದ ಸಣ್ಣ ಅಕ್ಷರ

ಸಿಂಗಪುರ, ಥಾಯ್ಲೆಂಡ್ ಕಡೆ ಬೆಲೆಯ ಪಕ್ಕ '++' ಅಂತ ಗುರುತು ಇರುತ್ತದೆ. 'ಪ್ಲಸ್ ಪ್ಲಸ್' ಅನ್ನುತ್ತಾರೆ. ಮೊದಲ ಪ್ಲಸ್ ಸರ್ವೀಸ್ ಚಾರ್ಜ್, ಎರಡನೆಯದು ತೆರಿಗೆ. ಸಿಂಗಪುರದಲ್ಲಿ 200 ಡಾಲರ್ ಅಂತ ಬರೆದಿದ್ದರೆ ಮೊದಲು 10% ಸೇರಿ 220 ಆಗುತ್ತದೆ. ಅದರ ಮೇಲೆ 9% ಜಿಎಸ್‌ಟಿ ಬಿದ್ದು 239.80ಕ್ಕೆ ನಿಲ್ಲುತ್ತದೆ. ದುಬೈಯಲ್ಲಿ 10% ಸರ್ವೀಸ್ ಚಾರ್ಜ್, 7% ಮುನಿಸಿಪಾಲಿಟಿ ಶುಲ್ಕ, 5% ವ್ಯಾಟ್ ಸಾಲದು ಅಂತ, ಫೈವ್ ಸ್ಟಾರ್ ಆದರೆ ರಾತ್ರಿಗೆ ರೂಮೊಂದಕ್ಕೆ 20 ದಿರ್ಹಮ್ 'ಟೂರಿಸಂ ದಿರ್ಹಮ್' ಬೇರೆ. ಯೂರೋಪಿನ ಎಷ್ಟೋ ಊರುಗಳಲ್ಲಿ ತಲೆಗಿಷ್ಟು, ರಾತ್ರಿಗಿಷ್ಟು ಅಂತ ಪ್ರವಾಸಿ ತೆರಿಗೆ ಇದೆ. ಅದನ್ನು ಹೋಟೆಲಿನಲ್ಲೇ ಕಟ್ಟಬೇಕಾಗಬಹುದು.

ಅಮೆರಿಕದಲ್ಲಿ 'ರಿಸಾರ್ಟ್ ಫೀ' ಅಂತ ಒಂದು ಕಾಟ ಇದೆ. ವೈಫೈ, ಜಿಮ್ಮು, ಈಜುಕೊಳದ ಹೆಸರಲ್ಲಿ ದಿನಕ್ಕಿಷ್ಟು ಅಂತ ಎತ್ತುತ್ತಾರೆ. 2025ರ ಮೇ ತಿಂಗಳಿಂದ ಅದನ್ನು ಮೊದಲು ತೋರಿಸುವ ಬೆಲೆಯಲ್ಲೇ ಸೇರಿಸಬೇಕು ಅಂತ ನಿಯಮ ಆಗಿದೆ. ಈ ಫೀ ಕೆಲಸದವರ ಟಿಪ್ಸ್ ಅಲ್ಲ, ಹೋಟೆಲಿನ ಆದಾಯ. ಎರಡನ್ನೂ ಗೊಂದಲ ಮಾಡಿಕೊಂಡು "ಕೊಟ್ಟಾಯಿತಲ್ಲ" ಅಂತ ಕೂರಬೇಡಿ.

3. ಚಿಲ್ಲರೆ ಹೊಂದಿಸಿಕೊಳ್ಳಿ

ಇದು ಸಣ್ಣ ಕೆಲಸ. ಆದರೆ ಇದನ್ನು ಮರೆತರೆ ನನ್ನ ಮೂರು ಥ್ಯಾಂಕ್ಯೂ ಗತಿಯೇ. ದುಡ್ಡು ಬದಲಾಯಿಸುವಾಗಲೇ ಒಂದು, ಐದು ಡಾಲರಿನ ನೋಟು ಕೇಳಿ. ಯೂರೋ ಆದರೆ ಒಂದು, ಎರಡರ ನಾಣ್ಯಗಳೇ ಸಾಕು, ಅವನ್ನು ಕೊಡುವುದು ಅಲ್ಲಿ ಸಹಜ. ಎಟಿಎಂ ದೊಡ್ಡ ನೋಟೇ ಉಗುಳಿದರೆ ರಿಸೆಪ್ಷನ್ನಿನಲ್ಲಿ ಮುರಿಸಿ. ಅದಕ್ಕೆ ಸಂಕೋಚ ಬೇಡ, ಅವರು ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಅದು.

ಈ ನೋಟುಗಳನ್ನು ಪರ್ಸಿನಲ್ಲಿ ಇಡಬೇಡಿ. ಬೇರೆ ಜೇಬಿನಲ್ಲಿ ಇಡಿ. ಎದುರಿಗೆ ಒಬ್ಬರನ್ನು ನಿಲ್ಲಿಸಿಕೊಂಡು ಪರ್ಸ್ ತೆರೆದು, ನೋಟುಗಳನ್ನು ಒಂದೊಂದಾಗಿ ಸರಿಸಿ ಸಣ್ಣದನ್ನು ಹುಡುಕುವುದು ಇಬ್ಬರಿಗೂ ಮುಜುಗರ.

ಬೇರೆ ದೇಶದ ನಾಣ್ಯ ಯಾರಿಗೂ ಕೊಡಬೇಡಿ. ನೋಟನ್ನು ಬದಲಾಯಿಸಬಹುದು, ನಾಣ್ಯವನ್ನು ಸಾಮಾನ್ಯವಾಗಿ ಕೌಂಟರಿನಲ್ಲಿ ತೆಗೆದುಕೊಳ್ಳುವುದಿಲ್ಲ. ಮಾಲ್ಡೀವ್ಸ್, ಈಜಿಪ್ಟ್ ಕಡೆ ಡಾಲರ್ ನೋಟು ನಡೆಯುತ್ತದೆ, ಆದರೆ ಹರಿದದ್ದು, ಗೀಚಿದ್ದು ನಡೆಯುವುದಿಲ್ಲ. ಥಾಯ್ಲೆಂಡಿನ ನೋಟಿನ ಮೇಲೆ ರಾಜರ ಚಿತ್ರ ಇದೆ. ಕೆಳಗೆ ಬಿದ್ದರೆ ಹಾರಿಹೋಗದ ಹಾಗೆ ಕಾಲಲ್ಲಿ ತುಳಿದು ಹಿಡಿಯುತ್ತೇವಲ್ಲ, ಅದನ್ನು ಅಲ್ಲಿ ಮಾತ್ರ ಮಾಡಬೇಡಿ. ದೊಡ್ಡ ಅವಮಾನ.

4. ಕಾರಿನ ಬಾಗಿಲಿನಿಂದ ರೂಮಿನ ಬಾಗಿಲಿನವರೆಗೆ

ಹೋಟೆಲಿನ ಮುಂದೆ ಇಳಿಯುತ್ತಿದ್ದ ಹಾಗೆ ನಾಲ್ಕು ಕೈಗಳು ಬರುತ್ತವೆ. ಎಲ್ಲರಿಗೂ ಕೊಡಬೇಕಾಗಿಲ್ಲ. ಬಾಗಿಲು ತೆರೆದ ಡೋರ್‌ಮನ್‌ಗೆ ಒಂದು ನಗು, ಒಂದು ನಮಸ್ಕಾರ ಸಾಕು. ಮಳೆಯಲ್ಲಿ ಕೊಡೆ ಹಿಡಿದು ಟ್ಯಾಕ್ಸಿ ಕರೆದುಕೊಟ್ಟರೆ ಅಮೆರಿಕದಲ್ಲಿ ಒಂದೆರಡು ಡಾಲರ್ ಕೊಡಿ. ಬ್ಯಾಗ್ ರೂಮಿಗೆ ತಂದವರಿಗೆ ಬ್ಯಾಗಿಗೆ ಎರಡು ಡಾಲರಿನ ಲೆಕ್ಕ, ತುಂಬ ದುಬಾರಿ ಹೋಟೆಲಾದರೆ ಒಟ್ಟು ಐದರಿಂದ ಹತ್ತು. ಯೂರೋಪಿನಲ್ಲಿ ಬ್ಯಾಗಿಗೆ ಒಂದೆರಡು ಯೂರೋ. ಕಾರು ಪಾರ್ಕ್ ಮಾಡುವ ವ್ಯಾಲೆಗೆ ಕೊಡುವುದು ಕಾರು ವಾಪಸ್ ತಂದಾಗ, ಎರಡರಿಂದ ಐದು ಡಾಲರ್. ರಿಸೆಪ್ಷನ್ನಿನವರಿಗೆ ಏನೂ ಇಲ್ಲ.

ಬ್ಯಾಗ್ ನೀವೇ ಎಳೆದುಕೊಂಡು ಹೋಗುತ್ತೀರಾ? ಧಾರಾಳವಾಗಿ ಹೋಗಿ. "ಪರವಾಗಿಲ್ಲ, ನಾನೇ ತೆಗೆದುಕೊಂಡು ಹೋಗುತ್ತೇನೆ" ಅಂದರೆ ಮುಗಿಯಿತು. ಟಿಪ್ಸ್ ಉಳಿಸಲು ಹೀಗೆ ಮಾಡಿದ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಅಂದುಕೊಂಡರೂ ಏನಾಯಿತು?

ಕೊಡುವ ರೀತಿಗೂ ಒಂದು ಹದ ಇದೆ. ನೋಟು ಮೊದಲೇ ಮಡಚಿ ಕೈಯಲ್ಲಿರಲಿ. ಬ್ಯಾಗ್ ಇಟ್ಟು, ಹೇಳಬೇಕಾದ್ದೆಲ್ಲ ಹೇಳಿ, ಹೊರಡುವ ಹೊತ್ತಿಗೆ ಮುಖ ನೋಡಿ ಥ್ಯಾಂಕ್ಯೂ ಅಂದು ಕೊಡಿ. ಎಣಿಸಬೇಡಿ, ತೋರಿಸಬೇಡಿ, ಟೇಬಲ್ ಮೇಲೆ ಎಸೆಯಬೇಡಿ.

ರಿಸೆಪ್ಷನ್ನಿನಲ್ಲಿ ಪಾಸ್‌ಪೋರ್ಟ್, ಕಾರ್ಡ್ ಕೇಳುತ್ತಾರೆ. ಕಾರ್ಡಿನಲ್ಲಿ ರೂಮಿನ ಬಾಡಿಗೆಯ ಜೊತೆ ದಿನಕ್ಕಿಷ್ಟು ಅಂತ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ನೀವು ಮಿನಿಬಾರ್, ಊಟ ಅಂತ ಖರ್ಚು ಮಾಡಿ ಹೊರಟುಬಿಟ್ಟರೆ ಅಂತ ಭದ್ರತೆಗೆ. ಅದು ಖರ್ಚಲ್ಲ, ಆಮೇಲೆ ಬಿಡುತ್ತಾರೆ. ಆದರೆ ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಖಾತೆಯ ನಿಜವಾದ ದುಡ್ಡೇ ಕೆಲವು ದಿನ ಸಿಕ್ಕಿಹಾಕಿಕೊಳ್ಳುತ್ತದೆ. ಕ್ರೆಡಿಟ್ ಕಾರ್ಡ್ ಕೊಡಿ.

ಬೆಳಿಗ್ಗೆ ಎಂಟಕ್ಕೇ ಬಂದಿಳಿದರೆ ರೂಮ್ ಸಿಗದಿರಬಹುದು. ಚೆಕ್ ಇನ್ ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ. ಅದಕ್ಕೆ ಜಗಳ ಬೇಡ. ಬ್ಯಾಗ್ ಕೊಟ್ಟು ಚೀಟಿ ತೆಗೆದುಕೊಂಡು ಊರು ಸುತ್ತಿ ಬನ್ನಿ. ಒಳ್ಳೆ ರೂಮ್ ಬೇಕಾದರೆ ಮೆಲ್ಲಗೆ ಕೇಳಿ ನೋಡಿ. ಲಾಸ್ ವೇಗಸ್ಸಿನಲ್ಲಿ ಪಾಸ್‌ಪೋರ್ಟ್ ಮತ್ತು ಕಾರ್ಡಿನ ನಡುವೆ 20 ಡಾಲರ್ ನೋಟು ಇಟ್ಟು ಕೊಡುವ ಚಾಳಿ ಇದೆ. ನನಗೆ ಅದು ಲಂಚದ ತಮ್ಮನ ಹಾಗೇ ಕಾಣುತ್ತದೆ. ನಗುನಗುತ್ತಾ ಕೇಳಿಯೇ ನನಗೆ ಎರಡು ಸಲ ಮೇಲಿನ ಮಹಡಿ ಸಿಕ್ಕಿದೆ.

5. ಕಣ್ಣಿಗೆ ಬೀಳದವರಿಗೆ ಮೊದಲು

ಹೋಟೆಲಿನಲ್ಲಿ ಎಲ್ಲರಿಗಿಂತ ಕಷ್ಟದ ಕೆಲಸ ಹೌಸ್‌ಕೀಪಿಂಗ್‌ನವರದು. ಟಿಪ್ಸ್ ಎಲ್ಲರಿಗಿಂತ ಕಡಿಮೆ ಸಿಗುವುದೂ ಅವರಿಗೇ. ಕಾರಣ ಸರಳ. ಬ್ಯಾಗ್ ತಂದವರು ಎದುರಿಗೆ ನಿಂತಿರುತ್ತಾರೆ. ಇವರು ನೀವು ಇಲ್ಲದಾಗ ಬಂದು ಹೋಗುತ್ತಾರೆ.

ಒಂದು ಸಲ ನಾನು ಮರೆತ ಫೋನ್ ತೆಗೆದುಕೊಳ್ಳಲು ವಾಪಸ್ ಬಂದಾಗ ಕೆಲಸ ನಡೆದಿತ್ತು. ಆ ಹೆಂಗಸು ಒಂದು ಮೊಣಕಾಲು ನೆಲಕ್ಕೂರಿ, ಭಾರದ ಹಾಸಿಗೆಯ ಮೂಲೆಯನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಯಲ್ಲಿ ಬೆಡ್‌ಶೀಟ್ ಒಳಗೆ ತುರುಕುತ್ತಿದ್ದರು. ಒಂದು ಮೂಲೆ ಮುಗಿಸಿ ಎದ್ದು, ಸೊಂಟಕ್ಕೆ ಕೈ ಕೊಟ್ಟು, ಮುಂದಿನ ಮೂಲೆಗೆ ಹೋದರು. ಹೊರಗೆ ಗಾಡಿಯ ಮೇಲೆ ರೂಮ್ ನಂಬರುಗಳ ಪಟ್ಟಿ ಇತ್ತು, ಅರ್ಧವೂ ಗೀಟು ಬಿದ್ದಿರಲಿಲ್ಲ. ಆವತ್ತಿನಿಂದ ನಾನು ಈ ದುಡ್ಡನ್ನು ಮರೆತಿಲ್ಲ.

ಅಮೆರಿಕದ ಐಷಾರಾಮಿ ಹೋಟೆಲಿನಲ್ಲಿ ರಾತ್ರಿಗೆ ಮೂರರಿಂದ ಐದು ಡಾಲರ್ ಇಡಿ. ಸ್ವೀಟ್ ಅನ್ನುವ, ಹಾಲ್ ಸಮೇತದ ದೊಡ್ಡ ರೂಮ್ ತೆಗೆದುಕೊಂಡಿದ್ದರೆ, ಮಕ್ಕಳು ಬಿಸ್ಕೆಟ್ ಪುಡಿ ಚೆಲ್ಲಾಡಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಯೂರೋಪಿನಲ್ಲಿ ರಾತ್ರಿಗೆ ಒಂದೆರಡು ಯೂರೋ. ಜಪಾನಿನಲ್ಲಿ ಇಡಬೇಡಿ. ಮರೆತು ಹೋಗಿದ್ದಾರೆ ಅಂತ ತಿಳಿದು ಎತ್ತಿಟ್ಟು ನಿಮಗೇ ವಾಪಸ್ ಕೊಡುತ್ತಾರೆ.

ಇಲ್ಲಿ ಎರಡು ವಿಷಯ ನೆನಪಿರಲಿ. ಮೊದಲನೆಯದು, ದಿನಾ ಇಡಿ. ಐದು ದಿನದ್ದನ್ನು ಒಟ್ಟಿಗೆ ಕೊನೇ ದಿನ ಇಟ್ಟರೆ, ಆವತ್ತು ಡ್ಯೂಟಿಗೆ ಬಂದವರಿಗೆ ಪೂರ್ತಿ ಸಿಗುತ್ತದೆ, ನಾಲ್ಕು ದಿನ ಬೆನ್ನು ಬಗ್ಗಿಸಿದವರಿಗೆ ರಜೆಯಲ್ಲಿದ್ದದ್ದಕ್ಕೆ ಏನೂ ಇಲ್ಲ. ಎರಡನೆಯದು, ಸುಮ್ನೆ ನೋಟು ಮಾತ್ರ ಇಡಬೇಡಿ. ಟೇಬಲ್ ಮೇಲಿನ ದುಡ್ಡು ಗೆಸ್ಟಿನದು ಅಂತ ಅವರು ಮುಟ್ಟುವುದಿಲ್ಲ, ಮುಟ್ಟಿದರೆ ಕಳ್ಳತನದ ಆರೋಪದ ಭಯ. ರೂಮಿನಲ್ಲಿರುವ ಚೀಟಿಯಲ್ಲೇ 'ಹೌಸ್‌ಕೀಪಿಂಗ್‌ಗೆ, ಥ್ಯಾಂಕ್ಯೂ' ಅಂತ ಬರೆದು, ಅದರ ಮೇಲೆ ನೋಟಿಟ್ಟು, ದಿಂಬಿನ ಮೇಲೋ ಟೇಬಲ್ ಮೇಲೋ ಇಡಿ.

ಸಂಜೆ ಆರೇಳು ಗಂಟೆಗೆ ಮತ್ತೆ ಯಾರೋ ಬಾಗಿಲು ತಟ್ಟುತ್ತಾರೆ. ಅದು 'ಟರ್ನ್ ಡೌನ್'. ಪರದೆ ಎಳೆದು, ಹೊದಿಕೆಯ ಮೂಲೆ ಮಡಚಿ, ಚಪ್ಪಲಿ ಮಂಚದ ಪಕ್ಕ ಇಟ್ಟು, ದಿಂಬಿನ ಮೇಲೆ ಚಾಕೊಲೇಟ್ ಇಟ್ಟು ಹೋಗುತ್ತಾರೆ. ಬೇಡ ಅಂದರೆ ಬೇಡ ಅನ್ನಬಹುದು. ಇವರು ಬೆಳಗಿನವರಲ್ಲ, ಬೇರೆಯವರು. ದಿನಾ ಕೊಡಬೇಕಾಗಿಲ್ಲ, ಆದರೆ ಎದುರಿಗೆ ಸಿಕ್ಕಾಗ ಒಂದೆರಡು ಡಾಲರ್ ಕೊಟ್ಟರೆ ಅವರ ಮುಖ ಅರಳುವುದನ್ನು ನೋಡಬಹುದು.

ರೂಮಿನ ಒಳಗಿನ ಉಳಿದ ರೀತಿನೀತಿ ಬೇಗ ಹೇಳಿಬಿಡುತ್ತೇನೆ. ಟವೆಲ್ ನೇತುಹಾಕಿದರೆ ಮತ್ತೆ ಬಳಸುತ್ತೀರಿ ಅಂತ, ನೆಲದ ಮೇಲೋ ಟಬ್ಬಿನಲ್ಲೋ ಬಿಟ್ಟರೆ ಬದಲಾಯಿಸಿ ಅಂತ ಅರ್ಥ. ಬಟ್ಟೆಯ ಬಿಳಿ ಚಪ್ಪಲಿ, ಸಣ್ಣ ಸೋಪು, ಹಲ್ಲುಜ್ಜುವ ಬ್ರಷ್ಷು ಮನೆಗೆ ತರಬಹುದು. ಬಾತ್‌ರೋಬ್, ಟವೆಲ್, ಹ್ಯಾಂಗರ್ ತರುವ ಹಾಗಿಲ್ಲ, ಬಿಲ್ಲು ಬರುತ್ತದೆ. ಕೆಲವು ಮಿನಿಬಾರ್‌ಗಳಲ್ಲಿ ಸೆನ್ಸರ್ ಇದೆ. ಬಾಟಲಿ ಎತ್ತಿ ಲೇಬಲ್ ಓದುತ್ತಾ ನಿಂತರೆ ಕುಡಿದ ಲೆಕ್ಕಕ್ಕೇ ಸೇರುತ್ತದೆ. ನಿಮ್ಮ ನೀರಿನ ಬಾಟಲಿ ತಣ್ಣಗಾಗಲಿ ಅಂತ ಅಲ್ಲಿಯ ಸಾಮಾನು ಸರಿಸಲೂ ಹೋಗಬೇಡಿ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬೇಡಿ. ರೂಮಿನಲ್ಲಿ ಅಡುಗೆ, ಮೇಣದಬತ್ತಿ, ಸಿಗರೇಟು ಯಾವುದೂ ಬೇಡ. ಹೊಗೆಯ ಅಲಾರಂ ಬಡಿದುಕೊಂಡರೆ ಇಡೀ ಕಟ್ಟಡ ನೈಟ್‌ಡ್ರೆಸ್ಸಿನಲ್ಲಿ ರಸ್ತೆಗೆ ಬರುತ್ತದೆ. ರಾತ್ರಿ ಕಾರಿಡಾರಿನಲ್ಲಿ ದನಿ ತಗ್ಗಿಸಿ, ಬಾಗಿಲು ಕೈಯಲ್ಲಿ ಹಿಡಿದು ಮುಚ್ಚಿ.

'ಡು ನಾಟ್ ಡಿಸ್ಟರ್ಬ್' ಬೋರ್ಡ್ ಹಾಕಿದರೆ ಎಷ್ಟು ದಿನ ಬೇಕಾದರೂ ಯಾರೂ ಬರುವುದಿಲ್ಲ ಅಂದುಕೊಳ್ಳಬೇಡಿ. 2017ರ ಅಕ್ಟೋಬರಿನಲ್ಲಿ ಲಾಸ್ ವೇಗಸ್ಸಿನ ಹೋಟೆಲ್ ರೂಮಿನಿಂದ ಗುಂಡಿನ ದಾಳಿ ನಡೆದ ಮೇಲೆ ಅಮೆರಿಕದ ಹಲವು ಹೋಟೆಲುಗಳು ನಿಯಮ ಬದಲಾಯಿಸಿವೆ. ಒಂದು ದಿನ ದಾಟಿದರೆ ಬಾಗಿಲು ತಟ್ಟಿ ವಿಚಾರಿಸುತ್ತಾರೆ. ಅದಕ್ಕೆ ಸಿಟ್ಟಾಗಬೇಡಿ.

6. ಊಟ, ಸಹಿ, ಮತ್ತೆ ಆ ಖಾಲಿ ಗೆರೆ

ರೂಮ್ ಸರ್ವೀಸಿನ ಬಿಲ್ಲೇ ಎಲ್ಲರನ್ನೂ ಬೀಳಿಸುವ ಗುಂಡಿ. ಒಂದು ಬಿಲ್ಲನ್ನು ಹತ್ತಿರದಿಂದ ನೋಡೋಣ. ಊಟ 80 ಡಾಲರ್. ಕೆಳಗೆ 'ಗ್ರ್ಯಾಚುಟಿ 18%' ಅಂತ 14.40. ಅದರ ಕೆಳಗೆ 'ಡೆಲಿವರಿ ಚಾರ್ಜ್' 6. ಆಮೇಲೆ ತೆರಿಗೆ. ಎಲ್ಲಕ್ಕಿಂತ ಕೆಳಗೆ 'ಅಡಿಷನಲ್ ಟಿಪ್' ಅಂತ ಒಂದು ಖಾಲಿ ಗೆರೆ. ಹಸಿವಿನಲ್ಲಿ ಮೇಲಿನದ್ದು ಓದದೆ ಆ ಗೆರೆಯಲ್ಲಿ ಮತ್ತೆ 15 ಬರೆದು ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಗ್ರ್ಯಾಚುಟಿ ಅಂತ ಇದ್ದರೆ ಟಿಪ್ಸ್ ಆಗಲೇ ಸೇರಿದೆ. ಆ ಗೆರೆಯ ಮೇಲೆ ಅಡ್ಡ ಗೀಟು ಎಳೆಯಿರಿ, ಕೆಳಗೆ ಒಟ್ಟು ಮೊತ್ತ ನೀವೇ ಬರೆದು ಸಹಿ ಹಾಕಿ. ಆದರೆ ಬರೀ ಡೆಲಿವರಿ ಚಾರ್ಜ್, ಟ್ರೇ ಚಾರ್ಜ್ ಅಂತ ಇದ್ದರೆ ಅದು ತಂದವರಿಗೆ ಸೇರುತ್ತದೆ ಅನ್ನುವ ಖಾತ್ರಿ ಇಲ್ಲ. "ಇದರಲ್ಲಿ ಟಿಪ್ಸ್ ಸೇರಿದೆಯಾ?" ಅಂತ ನೇರ ಕೇಳಿ. ಎಲ್ಲ ದೇಶದಲ್ಲೂ ಕೇಳಬಹುದಾದ ಪ್ರಶ್ನೆ ಇದು, ಯಾರೂ ತಪ್ಪು ತಿಳಿಯುವುದಿಲ್ಲ.

ರೆಸ್ಟೋರೆಂಟಿನಲ್ಲಿ ಅಮೆರಿಕದಲ್ಲಿ 18ರಿಂದ 20%. ತೆರಿಗೆ ಸೇರುವ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕಿದರೆ ಸಾಕು. ಬಾರಿನಲ್ಲಿ ಗ್ಲಾಸಿಗೆ ಒಂದೆರಡು ಡಾಲರ್. ಬೆಳಗಿನ ಬಫೆಯಲ್ಲಿ ನೀವೇ ಬಡಿಸಿಕೊಂಡರೂ ಕಾಫಿ ತುಂಬಿಸಿ ತಟ್ಟೆ ಎತ್ತುವವರು ಇದ್ದಾರೆ. ತಲೆಗೆ ಎರಡು ಮೂರು ಡಾಲರ್ ಟೇಬಲ್ ಮೇಲೆ ಬಿಡಿ. ಜರ್ಮನಿಯಲ್ಲಿ ಟೇಬಲ್ ಮೇಲೆ ಬಿಟ್ಟು ಹೋಗುವುದು ರೂಢಿಯಲ್ಲ. ಬಿಲ್ಲು 46 ಯೂರೋ ಆಗಿದ್ದರೆ ದುಡ್ಡು ಕೊಡುವಾಗಲೇ "ಐವತ್ತು" ಅನ್ನಿ. ಅವರು ಅಷ್ಟನ್ನೇ ತೆಗೆದುಕೊಂಡು ಉಳಿದದ್ದು ಕೊಡುತ್ತಾರೆ.

ಒಳಗೆ ಹೋದ ತಕ್ಷಣ ಖಾಲಿ ಟೇಬಲ್ ಕಂಡಲ್ಲಿ ಕೂರಬೇಡಿ. ಬಾಗಿಲಲ್ಲಿ ನಿಂತರೆ ಅವರೇ ಕರೆದುಕೊಂಡು ಹೋಗುತ್ತಾರೆ. ಚಿಟಿಕೆ ಹೊಡೆಯುವುದು, ಶಿಳ್ಳೆ, "ಹಲೋ ಹಲೋ" ಯಾವುದೂ ಬೇಡ. ಕಣ್ಣು ಸಂಧಿಸಿ ಕೈ ಸ್ವಲ್ಪ ಎತ್ತಿದರೆ ಬರುತ್ತಾರೆ. ಫ್ರಾನ್ಸಿನಲ್ಲಿ ಏನು ಕೇಳುವುದಿದ್ದರೂ ಮೊದಲು "ಬೋಂಜೂರ್" ಅನ್ನಿ. ಅದನ್ನು ಬಿಟ್ಟು ನೇರ ವಿಷಯಕ್ಕೆ ಹೋದರೆ ಎಷ್ಟೇ ನಯವಾಗಿ ಮಾತಾಡಿದರೂ ಒರಟರ ಲೆಕ್ಕಕ್ಕೆ ಸೇರುತ್ತೀರಿ. ಬಫೆಯಿಂದ ಬಾಳೆಹಣ್ಣು ಒಂದನ್ನು ಕೈಯಲ್ಲಿ ಹಿಡಿದು ಹೊರಟರೆ ಯಾರೂ ಏನೂ ಅನ್ನುವುದಿಲ್ಲ. ಡಬ್ಬಿ ತೆಗೆದು ಮಧ್ಯಾಹ್ನದ ಊಟ ತುಂಬಿಸಿಕೊಳ್ಳುವುದು ಬೇಡ.

ಬಟ್ಟೆಯ ವಿಷಯ ಮೊದಲೇ ಕೇಳಿಕೊಳ್ಳಿ. ಲಂಡನ್ನಿನ ರಿಟ್ಜ್ ಹೋಟೆಲಿನ ಪಾಮ್ ಕೋರ್ಟಿನಲ್ಲಿ ಮಧ್ಯಾಹ್ನದ ಟೀಗೆ ಗಂಡಸರಿಗೆ ಜಾಕೆಟ್ ಬೇಕೇ ಬೇಕು, ಜೀನ್ಸ್, ಸ್ಪೋರ್ಟ್ಸ್ ಶೂ ನಡೆಯುವುದಿಲ್ಲ. ಬಾತ್‌ರೋಬ್ ಹಾಕಿಕೊಂಡು ಸ್ಪಾಗೆ ಹೋಗಬಹುದು, ಲಾಬಿಗೆ ಬರಬಾರದು.

7. ಕೋಟಿನ ಮೇಲೆ ಬಂಗಾರದ ಕೀಲಿ ಕಂಡರೆ

ಲಾಬಿಯ ಒಂದು ಮೂಲೆಯಲ್ಲಿ ಕಾನ್ಸಿಯರ್ಜ್ ಕೂತಿರುತ್ತಾರೆ. ಟಿಕೆಟ್ಟು, ಟೇಬಲ್ಲು, ಡಾಕ್ಟರು, ಕಳೆದ ಕನ್ನಡಕ, ಎಲ್ಲಕ್ಕೂ ಅವರೇ. ಕೋಟಿನ ಎರಡೂ ಕಾಲರಿನ ಮೇಲೆ ಅಡ್ಡಡ್ಡ ಬಂಗಾರದ ಬಣ್ಣದ ಕೀಲಿಗಳಿದ್ದರೆ ಅವರು 'ಲೇ ಕ್ಲೆ ದೋರ್' ಅನ್ನುವ ಸಂಘದವರು. 1929ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ, 1952ರಲ್ಲಿ ಕಾನ್ ಪಟ್ಟಣದಲ್ಲಿ ಅಂತರರಾಷ್ಟ್ರೀಯ ಕೂಟವಾಯಿತು. ಹಾಗೆ ಸುಮ್ನೆ ಯಾರಿಗೂ ಆ ಕೀಲಿ ಸಿಗುವುದಿಲ್ಲ, ಅನುಭವ ಬೇಕು.

ಇವರನ್ನು ಬಳಸಿಕೊಳ್ಳದೆ ಬರುವುದು ದುಡ್ಡು ಕೊಟ್ಟು ಊಟ ಬಿಟ್ಟ ಹಾಗೆ. ಬಜೆಟ್ ಮುಚ್ಚಿಡಬೇಡಿ. "ಇಬ್ಬರಿಗೆ ನೂರು ಯೂರೋ ಒಳಗೆ, ಜಾಸ್ತಿ ಗದ್ದಲ ಇರಬಾರದು" ಅಂದರೆ ಅವರಿಗೆ ಕೆಲಸ ಸುಲಭ. ದಾರಿ ಕೇಳಿದ್ದಕ್ಕೆ, ಮ್ಯಾಪ್ ತೆಗೆದುಕೊಂಡಿದ್ದಕ್ಕೆ ಏನೂ ಕೊಡಬೇಕಾಗಿಲ್ಲ. ಸಿಗದ ಟಿಕೆಟ್ ಸಿಗಿಸಿಕೊಟ್ಟರೆ ಅಮೆರಿಕದಲ್ಲಿ 10ರಿಂದ 20 ಡಾಲರ್, ಹರಸಾಹಸ ಮಾಡಿದ್ದರೆ ಇನ್ನೂ ಜಾಸ್ತಿ. ಕವರಿನಲ್ಲಿ ಹಾಕಿ ಕೊಡಿ. ಹೋಗುವುದಿಲ್ಲ ಅಂತ ಮನಸ್ಸು ಬದಲಾದರೆ ತಕ್ಷಣ ಹೇಳಿ. ನೀವು ಹೋಗದೆ ಟೇಬಲ್ ಖಾಲಿ ಉಳಿದರೆ ಕೆಡುವುದು ಅವರ ಹೆಸರು.

8. ಜಪಾನಿನ ಬಗ್ಗೆ ಇನ್ನೊಂದಿಷ್ಟು

ಟಿಪ್ಸ್ ಇಲ್ಲ ಅಂದೆ. ಒಂದು ಅಪವಾದ ಇದೆ. ರ್‍ಯೋಕಾನ್ ಅನ್ನುವ ಸಾಂಪ್ರದಾಯಿಕ ತಂಗುಮನೆಗಳಲ್ಲಿ ನಿಮ್ಮ ರೂಮನ್ನೂ ಊಟವನ್ನೂ ನೋಡಿಕೊಳ್ಳುವ 'ನಕಾಯ್‌ಸಾನ್' ಇರುತ್ತಾರೆ. ಅವರಿಗೆ ಬಂದ ದಿನವೇ, ಹೊಸ ಗರಿಗರಿ ನೋಟನ್ನು ಸಣ್ಣ ಲಕೋಟೆಯಲ್ಲಿಟ್ಟು, ಎರಡೂ ಕೈಯಲ್ಲಿ ಕೊಡುವ ಹಳೇ ಪದ್ಧತಿ ಇದೆ. 'ಕೊಕೊರೊಜುಕೆ' ಅನ್ನುತ್ತಾರೆ. ಕಡ್ಡಾಯ ಅಲ್ಲ. ಲಕೋಟೆ ಇಲ್ಲದ ಬರಿ ನೋಟು ಮಾತ್ರ ಚಾಚಬೇಡಿ. ಟೋಕಿಯೋದಲ್ಲಿ ನಾನು ಎಡವಿದ್ದು ಅಲ್ಲೇ.

ತತಾಮಿ ಚಾಪೆಯ ಮೇಲೆ ಶೂ ಅಷ್ಟೇ ಅಲ್ಲ, ಮನೆಯೊಳಗಿನ ಚಪ್ಪಲಿಯೂ ಬೇಡ. ಯುಕಾತಾ ಅನ್ನುವ ಹತ್ತಿಯ ನಿಲುವಂಗಿ ಉಡುವಾಗ ಎಡಗಡೆಯ ಅಂಚು ಬಲಗಡೆಯದರ ಮೇಲೆ ಬರಬೇಕು. ಉಲ್ಟಾ ಉಡಿಸುವುದು ಸತ್ತವರಿಗೆ. ಬಿಸಿನೀರಿನ ಒನ್ಸೆನ್‌ಗೆ ಇಳಿಯುವ ಮುಂಚೆ ಹೊರಗಿನ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ಸ್ನಾನ ಮುಗಿಸಬೇಕು. ಈಜುಡುಗೆ ಹಾಕುವ ಹಾಗಿಲ್ಲ. ಸಣ್ಣ ಟವೆಲ್ ನೀರಿಗೆ ಮುಟ್ಟಬಾರದು, ತಲೆಯ ಮೇಲೆ ಮಡಚಿಟ್ಟುಕೊಳ್ಳುತ್ತಾರೆ. ಹಚ್ಚೆ ಇದ್ದರೆ ಮೊದಲೇ ವಿಚಾರಿಸಿ, ಕೆಲವು ಕಡೆ ಬಿಡುವುದಿಲ್ಲ.

9. ಏನಾದರೂ ಸರಿಯಿಲ್ಲದಿದ್ದರೆ

ತಕ್ಷಣ ಹೇಳಿ. ಮೂರು ರಾತ್ರಿ ಏಸಿ ಸದ್ದು ಸಹಿಸಿಕೊಂಡು ಹೊರಡುವಾಗ ಕೂಗಾಡಿದರೆ ಅವರೂ ಏನು ಮಾಡಿಯಾರು? ಮೊದಲ ರಾತ್ರಿಯೇ ಫೋನ್ ಮಾಡಿದ್ದರೆ ರೂಮ್ ಬದಲಾಗುತ್ತಿತ್ತು. ಡ್ಯೂಟಿ ಮ್ಯಾನೇಜರ್ ಅವರನ್ನು ಕೇಳಿ, ಏನಾಯಿತು, ಏನಾಗಬೇಕು ಎರಡನ್ನೂ ಹೇಳಿ. ದನಿ ಏರಿಸಿದರೆ ಎದುರಿಗಿರುವವರು ನಿಯಮದ ಹಿಂದೆ ಅಡಗಿಕೊಳ್ಳುತ್ತಾರೆ. ಹೋಟೆಲಿನ ಮೇಲಿನ ಸಿಟ್ಟನ್ನು ಹಾಸಿಗೆ ಸರಿಮಾಡಿದವರ ಟಿಪ್ಸಿನ ಮೇಲೆ ತೀರಿಸಿಕೊಳ್ಳಬೇಡಿ.

10. ಹೊರಡುವ ದಿನ

ಹಿಂದಿನ ರಾತ್ರಿಯೇ ಬಿಲ್ಲಿನ ಪ್ರತಿ ತರಿಸಿ ಓದಿ. ಬೆಳಿಗ್ಗೆ ಟ್ಯಾಕ್ಸಿ ಕಾಯುತ್ತಿರುವಾಗ ಓದಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕುಡಿಯದ ಮಿನಿಬಾರ್ ನೀರು, ಎರಡು ಸಲ ಬಿದ್ದ ತಿಂಡಿಯ ಬಿಲ್ಲು ಮಾಮೂಲಿ. ತೋರಿಸಿದರೆ ತೆಗೆಯುತ್ತಾರೆ. ಕಾರ್ಡ್ ಉಜ್ಜುವಾಗ ಮಷೀನು ನಿಮ್ಮ ದೇಶದ ಕರೆನ್ಸಿಯಲ್ಲಾ, ಅಲ್ಲಿಯದರಲ್ಲಾ ಅಂತ ಕೇಳಿದರೆ ಅಲ್ಲಿಯದು ಅನ್ನಿ. ನಿಮ್ಮದನ್ನು ಒತ್ತಿದರೆ ವಿನಿಮಯ ದರ ಅವರದು, ನಷ್ಟ ನಿಮ್ಮದು.

ಚೆನ್ನಾಗಿ ನೋಡಿಕೊಂಡವರ ಹೆಸರು ಅವರ ಎದೆಯ ಮೇಲಿನ ಪಟ್ಟಿಯಲ್ಲೇ ಇರುತ್ತದೆ. ಗುರುತು ಹಾಕಿಕೊಂಡು ಮ್ಯಾನೇಜರಿಗೆ ಎರಡು ಸಾಲು ಬರೆದು ಕೊಡಿ. ಟಿಪ್ಸ್ ತೆಗೆದುಕೊಳ್ಳದ ದೇಶದಲ್ಲಿ ನೀವು ಕೊಡಬಹುದಾದದ್ದು ಇದೇ. ಟೋಕಿಯೋದ ಆ ಹೆಣ್ಣುಮಗಳಿಗೆ ನಾನು ಕೊನೆಗೆ ಕೊಟ್ಟದ್ದೂ ಹೀಗೊಂದು ಚೀಟಿಯೇ. ಅದನ್ನು ಅವರು ವಾಪಸ್ ಕೊಡಲಿಲ್ಲ.

ಕೊನೇ ದಿನದ ಹೌಸ್‌ಕೀಪಿಂಗ್ ದುಡ್ಡು ಮರೆಯಬೇಡಿ, ಎಲ್ಲಕ್ಕಿಂತ ಜಾಸ್ತಿ ಕೆಲಸ ಆವತ್ತೇ. ಟ್ಯಾಕ್ಸಿಗೆ ಬ್ಯಾಗ್ ಏರಿಸುವವರಿಗೆ ಎರಡು ಸಣ್ಣ ನೋಟು ಜೇಬಿನಲ್ಲಿ ಉಳಿಸಿಕೊಳ್ಳಿ. ಇನ್ನು ಪಾಸ್‌ಪೋರ್ಟ್ ಸೇಫಿನಲ್ಲೇ ಬಿಟ್ಟು ಏರ್‌ಪೋರ್ಟಿಗೆ ಹೋಗುವವರು ಕಡಿಮೆ ಇಲ್ಲ. ನಾನು ಹೊರಡುವ ಹಿಂದಿನ ರಾತ್ರಿ ಒಂದು ಕಾಲಿನ ಶೂವನ್ನು ಸೇಫಿನೊಳಗೆ ಪಾಸ್‌ಪೋರ್ಟಿನ ಪಕ್ಕ ಇಟ್ಟು ಬೀಗ ಹಾಕುತ್ತೇನೆ. ಎಷ್ಟೇ ಅವಸರವಿದ್ದರೂ ಒಂದೇ ಶೂ ಹಾಕಿಕೊಂಡು ಯಾರೂ ಟ್ಯಾಕ್ಸಿ ಹತ್ತುವುದಿಲ್ಲವಲ್ಲ.